ಫಾರ್ಮ್ಯಾಟ್ ಹೊಡೆಸುವ ಮುನ್ನ: ಮನೆ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆಯೋ, ಲೈನೇ ಕೆಟ್ಟಿದೆಯೋ?

ಕಂಪ್ಯೂಟರ್ ಕುಂಟತೊಡಗಿದರೆ, ಕೇಳದ ಜಾಹೀರಾತು ತಾನಾಗಿ ತೆರೆದುಕೊಂಡರೆ ಮೊದಲು ಬರುವ ಮಾತು ಒಂದೇ: ‘ವೈರಸ್ ಬಂದಿದೆ, ಫಾರ್ಮ್ಯಾಟ್ ಹೊಡೆಸಿ.’ ಹೊಸನಗರದಾಚೆಯ ಒಂಟಿಮನೆಯಿಂದ ಸಿಪಿಯು ಹೊತ್ತು ಶಿವಮೊಗ್ಗದ ಬಸ್ಸು ಹತ್ತುವವರಿಗೆ ಅದು ಒಂದು ದಿನದ ಕೆಲಸ. ಅಷ್ಟು ಮಾಡಿಯೂ ದೋಷ ಇಂಟರ್ನೆಟ್ ಲೈನಿನದ್ದಾಗಿದ್ದರೆ ಖರ್ಚು ದಂಡ. ರೂಟರಿನದ್ದಾಗಿದ್ದರೆ ಮರುದಿನವೇ ಅದೇ ಜಾಹೀರಾತು ಹಾಜರು. ಪಾಸ್‌ವರ್ಡ್ ಕಳುವಾಗಿದ್ದರಂತೂ ಡಿಸ್ಕ್ ಅಳಿಸಿದ್ದರಿಂದ ಕದ್ದವನಿಗೆ ಏನೂ ನಷ್ಟವಿಲ್ಲ. ಹಾಗೆಂದು ಫಾರ್ಮ್ಯಾಟ್ ಬೇಡವೇ ಬೇಡ ಎಂದಲ್ಲ. ಬೇಕೇಬೇಕಾದ ಸಂದರ್ಭಗಳೂ ಇವೆ. ಯಾವುದು ಯಾವಾಗ ಎಂಬುದನ್ನು ಲಕ್ಷಣ ನೋಡಿಯೇ ಹೇಳಬೇಕು.

ಇಲ್ಲಿ ಕೊಟ್ಟಿರುವ ಮೆನು ಹೆಸರುಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲಿ ಜಾಗ ಸ್ವಲ್ಪ ಆಚೀಚೆ ಇರುತ್ತದೆ.

ಕೈ ಹಾಕುವ ಮುನ್ನ

ಅನುಮಾನ ಬಂದ ಕ್ಷಣದಿಂದ ಆ ಕಂಪ್ಯೂಟರಿನಲ್ಲಿ ಬ್ಯಾಂಕ್, ಯುಪಿಐ, ಇಮೇಲ್ ಲಾಗಿನ್ ನಿಲ್ಲಿಸಿ. ಕೆಳಗೆ ‘ಪಾಸ್‌ವರ್ಡ್ ಬದಲಿಸಿ’ ಎಂದಿರುವಲ್ಲೆಲ್ಲ ಅದನ್ನು ಬೇರೆ, ಶುದ್ಧ ಎಂದು ಗೊತ್ತಿರುವ ಸಾಧನದಿಂದಲೇ ಮಾಡಬೇಕು.

ಆಕಾಶ ಗುಡುಗುತ್ತಿದ್ದರೆ ಕೆಲಸವನ್ನೇ ಮುಂದೂಡಿ. ಫೈಬರ್ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಮನೆಗೆ ಬರುವ ಕೆಲವು ಡ್ರಾಪ್ ಕೇಬಲ್‌ಗಳ ಜೊತೆ ಉಕ್ಕಿನ ತಂತಿ ಇರುತ್ತದೆ. ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ಲಿನ ದಾರಿಯಂತೂ ಇದ್ದೇ ಇದೆ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಯುಪಿಎಸ್ ಮತ್ತು ಸಿಪಿಯು ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ.

ಲಕ್ಷಣ: ಇಂಟರ್ನೆಟ್ ನಿಧಾನ, ಅಥವಾ ಬಂದು ಬಂದು ಹೋಗುತ್ತದೆ

ಮಳೆಗಾಲದಲ್ಲಿ ಇದಕ್ಕೆ ವೈರಸ್ ಕಾರಣವಾಗಿರುವುದು ಅಪರೂಪ. ಫೈಬರ್ ಮೋಡೆಮ್ಮಿನ ದೀಪ ಮೊದಲು ನೋಡಿ. ‘ಪಿಒಎನ್’ ದೀಪ ಮಿಣುಕದೆ ಹಸಿರಾಗಿರಬೇಕು, ‘ಎಲ್‌ಒಎಸ್’ ದೀಪ ಆರಿರಬೇಕು. ಎಲ್‌ಒಎಸ್ ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ಮನೆಗೇ ಬರುತ್ತಿಲ್ಲ: ಎಲ್ಲೋ ಕೊಂಬೆ ಬಿದ್ದಿದೆ, ಕೇಬಲ್ ಮಡಚಿದೆ ಅಥವಾ ಜೋಡಣೆಯ ಪೆಟ್ಟಿಗೆಗೆ ನೀರು ಹೊಕ್ಕಿದೆ. ಲೈನ್‌ಮನ್ ಬರುವವರೆಗೆ ನೀವು ಮಾಡಬಹುದಾದದ್ದು ಮನೆಯೊಳಗಿನ ಹಳದಿ ಫೈಬರ್ ಎಲ್ಲಾದರೂ ಚೂಪಾಗಿ ಬಾಗಿದೆಯೇ, ಮೇಜಿನ ಕಾಲಿಗೆ ಸಿಕ್ಕಿದೆಯೇ ಎಂದು ನೋಡುವುದಷ್ಟೇ. ಇನ್ನೂ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇರುವ ಮನೆಯಲ್ಲಿ ಫೋನ್ ಎತ್ತಿ ಕೇಳಿ; ಕರಕರ ಶಬ್ದವಿದ್ದರೆ ತಂತಿಯ ಜೋಡಣೆ ಒದ್ದೆಯಾಗಿದೆ.

ದೀಪಗಳೆಲ್ಲ ಸರಿ ಇದ್ದರೆ ತಿಂಗಳ ಡೇಟಾ ಮಿತಿ ಮುಗಿದಿದೆಯೇ ನೋಡಿ. ಎಫ್‌ಯುಪಿ ಎನ್ನುವ ಈ ಮಿತಿ ದಾಟಿದ ಮೇಲೆ ವೇಗ ಒಮ್ಮೆಗೇ ಕುಸಿಯುತ್ತದೆ. ತಿಂಗಳ ಕೊನೆಯ ವಾರದಲ್ಲಷ್ಟೇ ಕಾಟ, ಒಂದನೇ ತಾರೀಕಿಗೆ ಮಾಯ ಎಂದಾದರೆ ಉತ್ತರ ಸಿಕ್ಕಿತು.

ಮಿತಿ ಯಾಕೆ ಇಷ್ಟು ಬೇಗ ಮುಗಿಯಿತು ಎನ್ನುವುದು ಮಾತ್ರ ತನಿಖೆಗೆ ಯೋಗ್ಯವಾದ ಪ್ರಶ್ನೆ. ಮನೆಯವರ ಫೋನುಗಳ ವೈಫೈ ಆಫ್ ಮಾಡಿಸಿ, ಕಂಪ್ಯೂಟರ್ ಒಂದನ್ನೇ ಲ್ಯಾನ್ ಕೇಬಲ್ಲಿನಲ್ಲಿ ಇರಿಸಿ, ಪರದೆಯಲ್ಲಿ ತೆರೆದಿರುವ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಿಂದ ರಿಸೋರ್ಸ್ ಮಾನಿಟರ್‌ಗೆ ಹೋಗಿ, ನೆಟ್‌ವರ್ಕ್ ಟ್ಯಾಬಿನಲ್ಲಿ ‘ಸೆಂಡ್’ ಕಾಲಂ ಮೇಲೆ ಒತ್ತಿ. ಹೆಚ್ಚು ಕಳುಹಿಸುವ ಪ್ರೋಗ್ರಾಂ ಮೇಲೆ ಬರುತ್ತದೆ. ಅಲ್ಲಿ ಒನ್‌ಡ್ರೈವ್ ಇದ್ದರೆ ಫೋಟೋ ಬ್ಯಾಕಪ್ ನಡೆಯುತ್ತಿದೆ. ಟಾಸ್ಕ್ ಮ್ಯಾನೇಜರಿನ ಪ್ರೊಸೆಸಸ್ ಪುಟದಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂದಿದ್ದರೆ ವಿಂಡೋಸ್ ತನ್ನ ಅಪ್‌ಡೇಟನ್ನು ನಿಮ್ಮ ಲೈನಿನಿಂದ ಬೇರೆ ಕಂಪ್ಯೂಟರುಗಳಿಗೆ ಹಂಚುತ್ತಿದೆ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು. ಎರಡೂ ಅಲ್ಲ, ಹತ್ತು ನಿಮಿಷ ಸುಮ್ಮನೆ ಬಿಟ್ಟರೂ ಅರ್ಥವಿಲ್ಲದ ಹೆಸರಿನ ಯಾವುದೋ ಒಂದು ನಿಲ್ಲದೆ ಕಳುಹಿಸುತ್ತಲೇ ಇದೆ ಎಂದಾದರೆ ಆ ಹೆಸರು ಬರೆದುಕೊಂಡು, ಲ್ಯಾನ್ ಕೇಬಲ್ ಕಿತ್ತು, ಕೆಳಗೆ ಡಿಫೆಂಡರ್ ಭಾಗದಲ್ಲಿರುವ ಆಫ್‌ಲೈನ್ ಸ್ಕ್ಯಾನ್‌ಗೆ (ವಿಂಡೋಸ್ ಏಳುವ ಮುನ್ನ ನಡೆಯುವ ವೈರಸ್ ಹುಡುಕಾಟ) ಹೋಗಿ.

ಬಾಟ್‌ನೆಟ್, ಅಂದರೆ ಕಳ್ಳರು ದೂರದಿಂದ ಆಡಿಸುವ ಸೋಂಕಿತ ಕಂಪ್ಯೂಟರುಗಳ ಜಾಲದ ಬಗ್ಗೆ ಎಚ್ಚರಿಸುವ ಎಸ್‌ಎಂಎಸ್ ಬಂದಿದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಅಂಥ ಸಂದೇಶ ಎಲ್ಲ ಗ್ರಾಹಕರಿಗೂ ಸಾಮಾನ್ಯ ಸೂಚನೆಯಾಗಿಯೂ ಬರುತ್ತದೆ, ನಿಮ್ಮ ಕಂಪ್ಯೂಟರೇ ಸಿಕ್ಕಿಬಿದ್ದಿದೆ ಎಂದು ಅರ್ಥವಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಬಾಟ್ ನಿವಾರಣಾ ತಂತ್ರಾಂಶಗಳಿವೆ. ಎಸ್‌ಎಂಎಸ್‌ನಲ್ಲಿರುವ ಕೊಂಡಿ ಒತ್ತದೆ, ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್ ಎಂದು ನೀವೇ ಟೈಪ್ ಮಾಡಿ ಹೋಗಿ.

ಲಕ್ಷಣ: ಯಾವ ತಾಣ ತೆರೆದರೂ ‘ಕನೆಕ್ಷನ್ ಪ್ರೈವೇಟ್ ಅಲ್ಲ’ ಎಂಬ ಎಚ್ಚರಿಕೆ

ಪರದೆಯ ಬಲಮೂಲೆಯ ದಿನಾಂಕ ನೋಡಿ. ಅದು ಹಳೆಯ ಯಾವುದೋ ವರ್ಷ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಸತ್ತಿದೆ. ಗಂಟೆಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ಮತ್ತು ಗೋಡೆಯ ಸ್ವಿಚ್ಚನ್ನೇ ಆರಿಸಿಡುವ ಮನೆಗಳಲ್ಲಿ ಇದು ಬೇಗ ಮುಗಿಯುತ್ತದೆ. ದಿನಾಂಕ ತಪ್ಪಿದರೆ ತಾಣಗಳ ಪ್ರಮಾಣಪತ್ರ ಹೊಂದುವುದಿಲ್ಲ, ಆ್ಯಂಟಿವೈರಸ್ ಅಪ್‌ಡೇಟ್ ಕೂಡ ಮುಗ್ಗರಿಸುತ್ತದೆ; ನೋಡುವವರಿಗೆ ಅಪ್ಪಟ ವೈರಸ್ಸಿನ ಹಾಗೇ ಕಾಣುತ್ತದೆ. ಬ್ಯಾಟರಿ 3 ವೋಲ್ಟಿನದು, ವಾಚು ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಡೆಸ್ಕ್‌ಟಾಪ್ ಆಗಿದ್ದರೆ ಪ್ಲಗ್ ಕಿತ್ತು, ಬರೆದಿರುವ ಮುಖ ಮೇಲೆ ಬರುವಂತೆ ಕೂರಿಸಿದರೆ ಮುಗಿಯಿತು.

ದಿನಾಂಕ, ಸಮಯ, ವಲಯ ಎಲ್ಲ ಸರಿ ಇದ್ದೂ ಬ್ಯಾಂಕಿನ ತಾಣಕ್ಕೆ ಈ ಎಚ್ಚರಿಕೆ ಬಂದರೆ ಮುಂದುವರಿಯುವ ಗುಂಡಿ ಒತ್ತಲೇಬೇಡಿ. ನಡುವೆ ಯಾರೋ ಕೂತಿರುವ ಸಾಧ್ಯತೆ ಅಲ್ಲಿದೆ. ಮುಂದಿನ ಎರಡು ಭಾಗಗಳಲ್ಲಿ ಪ್ರಾಕ್ಸಿ ಮತ್ತು ಡಿಎನ್‌ಎಸ್ ಪರೀಕ್ಷೆ ನೋಡಿ.

ಲಕ್ಷಣ: ಮೂಲೆಯಲ್ಲಿ ಜಾಹೀರಾತು, ಹುಡುಕಿದ್ದೊಂದು ತೆರೆಯುವುದೊಂದು

ಬಲಗಡೆ ಕೆಳಗೆ ಒಂದರ ಹಿಂದೊಂದು ‘ನಿಮ್ಮ ಪಿಸಿಗೆ 5 ವೈರಸ್’ ಎಂಬ ಚೀಟಿಗಳು ಏಳುತ್ತಿದ್ದರೆ ಹೆಚ್ಚಿನ ಸಲ ಅದು ವೈರಸ್ಸೇ ಅಲ್ಲ. ಯಾವುದೋ ಸಿನಿಮಾ ತಾಣದಲ್ಲಿ ‘ಅಲೋ’ ಒತ್ತಿದ್ದರ ಫಲ. ಕ್ರೋಮಿನ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಇಳಿಯಿರಿ. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಎರಡು ನಿಮಿಷದ ಕೆಲಸ, ದುಡ್ಡಿಲ್ಲ.

ಹುಡುಕಾಟ ಬೇರೆ ಕಡೆ ಜಾರುತ್ತಿದ್ದರೆ ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳ ಪಟ್ಟಿ ನೋಡಿ. ಪಿಡಿಎಫ್ ಪರಿವರ್ತಕ, ಕೂಪನ್, ವಿಡಿಯೊ ಡೌನ್‌ಲೋಡರ್ ಹೆಸರಿನವು ಮೊದಲ ಶಂಕಿತರು. ಎಲ್ಲವನ್ನೂ ಆಫ್ ಮಾಡಿ ಒಂದೊಂದೇ ಆನ್ ಮಾಡುತ್ತ ಬಂದರೆ ತಪ್ಪಿತಸ್ಥ ಸಿಗುತ್ತಾನೆ. ತೆಗೆದರೂ ಮರಳಿ ಬಂದರೆ, ಅಥವಾ ಬ್ರೌಸರ್ ಮೆನುವಿನ ತಳದಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೆ ಮೂಲ ಕಂಪ್ಯೂಟರಿನಲ್ಲೇ ಇರಬಹುದು. ಕೆಲವು ಪಾವತಿ ಆ್ಯಂಟಿವೈರಸ್‌ಗಳೂ ಈ ಸಾಲನ್ನು ತರಿಸುತ್ತವೆ. ಅಂಥದ್ದೇನೂ ಇಲ್ಲದ ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆಯೂ ಇರಬಾರದು.

ಆಗ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದವು ಮೇಲೆ ಕಾಣುತ್ತವೆ. ಇಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಹಾಗೆ ನುಸುಳುವುದು ‘ಉಚಿತ ಕನ್ನಡ ಟೈಪಿಂಗ್’ ಎಂದು ಹುಡುಕಿ, ಮೊದಲು ಸಿಕ್ಕ ಡೌನ್‌ಲೋಡ್ ಗುಂಡಿ ಒತ್ತಿದಾಗ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿಯೇ ಸಿಗುತ್ತದೆ. ಅದಕ್ಕೆ ಪರವಾನಗಿ ಮುರಿಯುವ ಕ್ರ್ಯಾಕ್ ಬೇಕಿಲ್ಲ, ಡೌನ್‌ಲೋಡ್ ಮ್ಯಾನೇಜರೂ ಬೇಕಿಲ್ಲ. ನೆನಪಿಡಬೇಕಾದ ಇನ್ನೊಂದು ಸಂಗತಿ: ಒತ್ತಿದ ಕೀಲಿಯನ್ನು ಹಿಡಿದು ಕನ್ನಡಕ್ಕೆ ತಿರುಗಿಸುವುದೇ ಇಂಥ ತಂತ್ರಾಂಶಗಳ ಕೆಲಸವಾದ್ದರಿಂದ ಆ್ಯಂಟಿವೈರಸ್ ಇವನ್ನು ಕೀಲಿ ಕದಿಯುವ ಪ್ರೋಗ್ರಾಂ ಎಂದು ಅನುಮಾನಿಸಬಹುದು. ಮೂಲ ಜಾಗದಿಂದ ಇಳಿಸಿದ್ದಾದರೆ ಅದು ಸುಳ್ಳು ಎಚ್ಚರಿಕೆ ಇರಬಹುದು. ಎಲ್ಲಿಂದ ಬಂತೆಂದು ನೆನಪಿಲ್ಲದ್ದಾದರೆ ತೆಗೆದು ಹೊಸದಾಗಿ ಹಾಕಿ.

ಕೊನೆಗೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್ ಒಳಗಿನ ಪ್ರಾಕ್ಸಿ ಪುಟ. ಪ್ರಾಕ್ಸಿ ಎಂದರೆ ಬ್ರೌಸಿಂಗ್ ಹಾದುಹೋಗುವ ನಡುವಿನ ಮಧ್ಯವರ್ತಿ. ಮನೆ ಬ್ರಾಡ್‌ಬ್ಯಾಂಡಿಗೆ ‘ಮ್ಯಾನುವಲ್ ಪ್ರಾಕ್ಸಿ’ ಆಫ್ ಇರಬೇಕು. ಅದು ಆನ್ ಆಗಿ 127.0.0.1 ಎಂದಿದ್ದರೆ ನಿಮ್ಮ ಬ್ರೌಸಿಂಗ್ ಕಂಪ್ಯೂಟರಿನೊಳಗಿನ ಯಾವುದೋ ಪ್ರೋಗ್ರಾಂ ಮೂಲಕ ಹಾದುಹೋಗುತ್ತಿದೆ. ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಮತ್ತೆ ತಾನಾಗಿ ಆನ್ ಆದರೆ ಆಫ್‌ಲೈನ್ ಸ್ಕ್ಯಾನ್.

ಲಕ್ಷಣ: ಅದೇ ಕಾಟ ಫೋನಿನಲ್ಲೂ ಇದೆ

ಒಂದು ಪುಟ್ಟ ಪರೀಕ್ಷೆ ಅರ್ಧ ಗೊಂದಲ ಬಗೆಹರಿಸುತ್ತದೆ. ಕಂಪ್ಯೂಟರಿನಲ್ಲಿ ದಾರಿ ತಪ್ಪುವ ಅದೇ ತಾಣವನ್ನು ಫೋನಿನಲ್ಲಿ ವೈಫೈ ಮೂಲಕ ತೆರೆಯಿರಿ, ಆಮೇಲೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಫೋನಿನ ‘ಪ್ರೈವೇಟ್ ಡಿಎನ್‌ಎಸ್’ ಅಷ್ಟು ಹೊತ್ತು ಆಫ್ ಇರಲಿ, ಇಲ್ಲವಾದರೆ ಪರೀಕ್ಷೆ ಕೆಡುತ್ತದೆ. ವೈಫೈನಲ್ಲಿ ಮಾತ್ರ ದಾರಿ ತಪ್ಪಿದರೆ ರೋಗ ರೂಟರಿನಲ್ಲಿದೆ. ತೂಬು ಕೆಟ್ಟಿರುವಾಗ ಗದ್ದೆಯ ಬದು ಕಟ್ಟಿದ ಹಾಗೆ, ಕಂಪ್ಯೂಟರನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಪ್ರಯೋಜನವಿಲ್ಲ.

ಆಗುವುದೇನೆಂದರೆ, ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರಿನ ವಿಳಾಸವನ್ನು ರೂಟರಿನಲ್ಲಿ ಬದಲಿಸಿಬಿಡುತ್ತಾರೆ. ನೀವು ಸರಿಯಾದ ಹೆಸರೇ ಬರೆದರೂ ಹೋಗುವುದು ಅವರು ತೋರಿಸಿದ ಜಾಗಕ್ಕೆ. ಇದು ಹಳೆಯ ಆಟ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶದ ಜಾಲವನ್ನು ಅಮೆರಿಕದ ಎಫ್‌ಬಿಐ 2011ರಲ್ಲೇ ಮುರಿದಿತ್ತು. ಇಂದಿಗೂ ಇದು ನಡೆಯುವುದಕ್ಕೆ ಕಾರಣ, ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’ ಆಗಿ ಕೂತಿರುವ ರೂಟರುಗಳು.

ಬ್ರೌಸರಿನಲ್ಲಿ 192.168.1.1 ಎಂದು ಬರೆದು ರೂಟರಿನ ಪುಟಕ್ಕೆ ಹೋಗಿ. ಕೆಲವದರಲ್ಲಿ 192.168.0.1 ಇರುತ್ತದೆ; ಸರಿಯಾದದ್ದು ಪೆಟ್ಟಿಗೆಯ ತಳದ ಚೀಟಿಯಲ್ಲಿದೆ. ವ್ಯಾನ್ ಮತ್ತು ಡಿಎಚ್‌ಸಿಪಿ ಪುಟಗಳಲ್ಲಿ ಡಿಎನ್‌ಎಸ್ ಏನಿದೆ ನೋಡಿ. ‘ಆಟೋಮ್ಯಾಟಿಕ್’ ಎಂದಿದ್ದರೆ ಸಾಮಾನ್ಯವಾಗಿ ಸರಿ. ಯಾರೋ ಕೈಯಾರೆ ತುಂಬಿದ ಅಪರಿಚಿತ ಅಂಕಿಗಳಿದ್ದರೆ ಅವನ್ನು ಅಳಿಸಿ ಆಟೋಮ್ಯಾಟಿಕ್‌ಗೆ ತನ್ನಿ, ಇಲ್ಲವೇ 9.9.9.9 ಅಥವಾ 1.1.1.2 ತುಂಬಿ. ಇವೆರಡೂ ಗೊತ್ತಿರುವ ಕೆಟ್ಟ ತಾಣಗಳನ್ನು ತಡೆಯುವ ಉಚಿತ ಸೇವೆಗಳು. ಜೊತೆಗೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ನಿಯಂತ್ರಿಸುವ ರಿಮೋಟ್ ಮ್ಯಾನೇಜ್‌ಮೆಂಟ್, ಗುಂಡಿ ಒತ್ತಿ ವೈಫೈ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್, ಪ್ರೋಗ್ರಾಂಗಳು ತಾವೇ ರೂಟರಿನಲ್ಲಿ ದಾರಿ ತೆರೆದುಕೊಳ್ಳುವ ಯುಪಿಎನ್‌ಪಿ, ಈ ಮೂರನ್ನೂ ಆಫ್ ಮಾಡಿ. ಯುಪಿಎನ್‌ಪಿ ಆರಿದರೆ ಕೆಲವು ಆನ್‌ಲೈನ್ ಆಟಗಳು ಗೊಣಗಬಹುದು, ಮಕ್ಕಳೂ ಗೊಣಗಬಹುದು. ವೈಫೈ ಭದ್ರತೆ ಡಬ್ಲ್ಯುಪಿಎ2 ಅಥವಾ 3 ಇರಲಿ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಸಿಟ್ಟಿನಲ್ಲಿ ಪೆಟ್ಟಿಗೆಯ ಹಿಂದಿನ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಫೈಬರ್ ಮೋಡೆಮ್ಮಿನಲ್ಲಿ ಸೇವಾದಾರರು ತುಂಬಿರುವ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಿ, ಇದ್ದ ಇಂಟರ್ನೆಟ್ಟೂ ಹೋಗುತ್ತದೆ. ಅವನ್ನು ಮೊದಲು ಬರೆದುಕೊಳ್ಳಿ, ಇಲ್ಲವೇ ಸೇವಾದಾರರಿಗೇ ಹೇಳಿ ರೀಸೆಟ್ ಮಾಡಿಸಿ. ರೂಟರಿನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಮೇಲೆ ಮಾತ್ರ. ಅರ್ಧದಲ್ಲಿ ಕರೆಂಟ್ ಹೋದರೆ ರೂಟರ್ ಮತ್ತೆ ಏಳದೇ ಇರಬಹುದು.

ಫೋನಿನಲ್ಲಿ ಸರಿ ಇದ್ದು ಕಂಪ್ಯೂಟರಿನಲ್ಲಿ ಮಾತ್ರ ಕೆಲವು ತಾಣ, ಅದರಲ್ಲೂ ಆ್ಯಂಟಿವೈರಸ್ ಕಂಪನಿಗಳ ತಾಣವೇ ತೆರೆಯುತ್ತಿಲ್ಲವೆಂದರೆ, ಡಿಎನ್‌ಎಸ್‌ಗೂ ಮೊದಲು ವಿಂಡೋಸ್ ತಾಣದ ವಿಳಾಸ ಹುಡುಕುವ ಹೋಸ್ಟ್ಸ್ ಕಡತ ನೋಡಿ. ಸಿ ಡ್ರೈವಿನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂದು ಇಳಿದರೆ ಸಿಗುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. # ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ. ಉಳಿದಂತೆ ತಾಣಗಳ ಹೆಸರುಗಳ ಸಾಲು ಕಂಡರೆ ಅದನ್ನು ಯಾರೋ ಬರೆದಿದ್ದಾರೆ.

ಲಕ್ಷಣ: ಪರದೆ ತುಂಬ ಎಚ್ಚರಿಕೆ, ಕೂಗುವ ದನಿ, ಕರೆ ಮಾಡಲು ನಂಬರ್

ಇದು ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಆಲ್ಟ್ ಮತ್ತು ಎಫ್4. ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ಮರಳಿಸಲೇ’ ಎಂದರೆ ಬೇಡವೆನ್ನಿ.

ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿದ್ದರೆ ಮಾತು ಬೇರೆ. ಲ್ಯಾನ್ ಕೇಬಲ್ ಕೀಳಿ. ಹಣ ಹೋಗಿದ್ದರೆ ಬೇರೆ ಫೋನಿನಿಂದ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ನಿಮಿಷಗಳಿಗೆ ಬೆಲೆಯಿದೆ. ಕಂಪ್ಯೂಟರ್ ಶುಚಿ ಮಾಡುವುದು ಆಮೇಲೆ.

ಲಕ್ಷಣ: ಫ್ಯಾನ್ ಬೊಬ್ಬೆ, ಎಲ್ಲವೂ ನಿಧಾನ

ಮಲೆನಾಡಿನ ತೇವಕ್ಕೆ ದೂಳು ಅಂಟಿ ಫ್ಯಾನಿನ ರೆಕ್ಕೆಯ ಮೇಲೆ ಕಂಬಳಿಯೇ ಕೂತಿರುತ್ತದೆ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಒಣ ಬ್ರಷ್ಷಿನಿಂದ ಉಜ್ಜಿ. ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ 100% ಎಂದು ತೋರಿಸಿ ಸಿಪಿಯು ತಣ್ಣಗಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಸೋಲುತ್ತಿರಬಹುದು. ಟಿಕ್ ಟಿಕ್ ಶಬ್ದವೂ ಇದ್ದರೆ ಸ್ಕ್ಯಾನ್ ಗೀನ್ ಬಿಟ್ಟು ಮೊದಲು ಕಡತಗಳನ್ನು ನಕಲು ಮಾಡಿಕೊಳ್ಳಿ. ಗಂಟೆಗಟ್ಟಲೆ ಸ್ಕ್ಯಾನ್ ಅಂಥ ಡಿಸ್ಕನ್ನು ಕೊಂದೇಬಿಡಬಹುದು.

ವೈರಸ್ಸಿನ ಲಕ್ಷಣ ಬೇರೆ. ಏನೂ ಮಾಡದೆ ಬಿಟ್ಟಾಗ ಫ್ಯಾನ್ ಜೋರಾಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದೊಡನೆ ತಣ್ಣಗಾಗುತ್ತದೆ. ನಿಮ್ಮ ಸಿಪಿಯುವಿನಲ್ಲಿ ಕದ್ದು ಕ್ರಿಪ್ಟೋ ನಾಣ್ಯ ಗಳಿಸಿಕೊಳ್ಳುವ ಕೆಲವು ಕುತಂತ್ರಾಂಶಗಳು ಟಾಸ್ಕ್ ಮ್ಯಾನೇಜರ್ ಕಂಡರೆ ಅಡಗುತ್ತವೆ. ಹೀಗಾಗುತ್ತಿದ್ದರೆ ನೇರ ಆಫ್‌ಲೈನ್ ಸ್ಕ್ಯಾನ್.

ಲಕ್ಷಣ: ಪೆನ್‌ಡ್ರೈವಿನಲ್ಲಿ ಫೋಲ್ಡರ್ ಬದಲು ಶಾರ್ಟ್‌ಕಟ್

ಪಹಣಿ ಪ್ರಿಂಟ್ ತೆಗೆಸಲು, ಮಕ್ಕಳ ಪ್ರಾಜೆಕ್ಟ್ ಮುದ್ರಿಸಲು ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಇದು ಸಾಮಾನ್ಯ. ಕಡತಗಳು ಅಳಿದಿಲ್ಲ, ಅಡಗಿವೆ. ಶಾರ್ಟ್‌ಕಟ್ ಮೇಲೆ ಎರಡು ಸಲ ಒತ್ತಿದರೆ ಫೋಲ್ಡರ್ ತೆರೆಯುವ ಜೊತೆಗೇ ತಾನಾಗಿ ಹರಡುವ ಹುಳುವೂ (ವೈರಸ್ಸಿನ ಒಂದು ಬಗೆ) ಓಡುತ್ತದೆ, ಹಾಗಾಗಿ ಒತ್ತಬೇಡಿ.

ಎಕ್ಸ್‌ಪ್ಲೋರರಿನ ‘ವ್ಯೂ’ದಲ್ಲಿ ಹಿಡನ್ ಐಟಮ್ಸ್ ತೋರಿಸಿ. ಆಪ್ಷನ್ಸ್ ಒಳಗೆ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಗುರುತನ್ನೂ ತೆಗೆಯಿರಿ. ಅಲ್ಲೇ ‘ಹೈಡ್ ಎಕ್ಸ್‌ಟೆನ್ಶನ್ಸ್’ ಗುರುತನ್ನೂ ತೆಗೆದುಬಿಡಿ. ಇದು ಶಾಶ್ವತವಾಗಿ ಹಾಗೇ ಇರಲಿ. ಇಮೇಲಿನಲ್ಲಿ ಬಂದ ‘ಅಡಿಕೆ ಪಟ್ಟಿ ಡಾಟ್ ಪಿಡಿಎಫ್’ ನಿಜದಲ್ಲಿ ‘ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂದು ಕಾಣುವುದು ಆಗಲೇ. ಈಗ ಪೆನ್‌ಡ್ರೈವಿನಲ್ಲಿ ಮಸುಕಾಗಿ ಕಾಣುವ ನಿಜ ಫೋಲ್ಡರಿನ ಒಳಗಿನ ಫೋಟೋ, ದಾಖಲೆಗಳನ್ನಷ್ಟೇ ಕಂಪ್ಯೂಟರಿನ ಹೊಸ ಫೋಲ್ಡರಿಗೆ ನಕಲು ಮಾಡಿ, ಸ್ಕ್ಯಾನ್ ಮಾಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಇಲ್ಲಿ ಫಾರ್ಮ್ಯಾಟ್‌ಗೆ ಹಿಂಜರಿಯಬೇಕಿಲ್ಲ. ಶುದ್ಧವಾದ ಪೆನ್‌ಡ್ರೈವ್ ಹಾಕಿದೊಡನೆ ಅದರಲ್ಲೂ ಶಾರ್ಟ್‌ಕಟ್ ಹುಟ್ಟಿದರೆ ಹುಳು ನಿಮ್ಮ ಕಂಪ್ಯೂಟರಿನಲ್ಲೂ ಇದೆ ಎಂದು ಖಾತ್ರಿ.

ಲಕ್ಷಣ: ಡಿಫೆಂಡರ್ ತಾನಾಗಿ ಆಫ್, ಆನ್ ಆಗುತ್ತಲೇ ಇಲ್ಲ

ಡಿಫೆಂಡರ್ ಎಂದರೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿಯುವುದು ಸಹಜ. ಅದರ ಚಂದಾ ಮುಗಿದಿದ್ದರೆ ತೆಗೆದುಹಾಕಿ, ಡಿಫೆಂಡರ್ ಮರಳುತ್ತದೆ. ಬೇರೆ ಯಾವುದೂ ಇಲ್ಲದೆ ಆಫ್ ಆಗಿದ್ದರೆ ವಿಂಡೋಸ್ ಸೆಕ್ಯೂರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ ತಳದ ‘ಎಕ್ಸ್‌ಕ್ಲೂಷನ್ಸ್’ ತೆರೆಯಿರಿ. ಸ್ಕ್ಯಾನ್ ಮಾಡದೆ ಬಿಡಬೇಕಾದ ಜಾಗಗಳ ಪಟ್ಟಿ ಅದು. ನೀವೇ ಏನೂ ಸೇರಿಸದಿದ್ದರೆ ಖಾಲಿ ಇರಬೇಕು. ಅಲ್ಲಿ ಇಡೀ ಸಿ ಡ್ರೈವ್ ಅಥವಾ ಕೆಎಂಎಸ್ ಹೆಸರಿನ ಫೋಲ್ಡರ್ ಇದ್ದರೆ, ಯಾರೋ ವಿಂಡೋಸ್ ಅಥವಾ ಆಫೀಸನ್ನು ಕ್ರ್ಯಾಕ್ ಮಾಡಿ ಹಾಕುವಾಗ ಕಾವಲುಗಾರನನ್ನೇ ಹೊರಗೆ ಕಳಿಸಿದ್ದಾರೆ. ವರ್ಷಗಳಿಂದ ಪ್ರತಿ ಸ್ಕ್ಯಾನ್ ‘ಏನೂ ಸಿಗಲಿಲ್ಲ’ ಎನ್ನುತ್ತಿದ್ದುದಕ್ಕೆ ಅದೇ ಕಾರಣವಾಗಿರಬಹುದು. ಪಟ್ಟಿ ಖಾಲಿ ಮಾಡಿ, ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಮಾಡಿ.

ಆಮೇಲೆ ಆಫ್‌ಲೈನ್ ಸ್ಕ್ಯಾನ್. ಇಂಟರ್ನೆಟ್ ಇದ್ದಾಗ ವೈರಸ್ ಗುರುತುಗಳ ಪಟ್ಟಿಯಾದ ಡೆಫಿನಿಷನ್ ಅಪ್‌ಡೇಟ್ ಮಾಡಿ, ಕೇಬಲ್ ಕಿತ್ತು, ಸ್ಕ್ಯಾನ್ ಆಪ್ಷನ್ಸ್‌ನ ಕೊನೆಯ ಆಯ್ಕೆ ಒತ್ತಿ. ಕಂಪ್ಯೂಟರ್ ಮರುಚಾಲನೆಗೊಂಡು, ವಿಂಡೋಸ್ ಏಳುವ ಮುನ್ನವೇ ಸುಮಾರು 15 ನಿಮಿಷ ಜಾಲಾಡುತ್ತದೆ. ವಿಂಡೋಸ್ ಎದ್ದ ಮೇಲೆ ಅಡಗುವ ಹುಳುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಫಲಿತಾಂಶ ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿರುತ್ತದೆ. ನಂತರ ರಾತ್ರಿ ಫುಲ್ ಸ್ಕ್ಯಾನ್ ಹಾಕಿ ಮಲಗಿ. ಹಳೆಯ ಡಿಸ್ಕಿನಲ್ಲಿ ಹಲವು ಗಂಟೆ ಬೇಕು. ಎರಡನೇ ಅಭಿಪ್ರಾಯಕ್ಕೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಉಚಿತ. ಇಳಿಸಿದ 10 ದಿನಕ್ಕೆ ಅದರ ಅವಧಿ ಮುಗಿಯುವುದರಿಂದ ಪ್ರತಿ ಸಲ ಹೊಸದನ್ನೇ ಇಳಿಸಿ. ಎರಡು ಆ್ಯಂಟಿವೈರಸ್‌ಗಳನ್ನು ಕಾಯಂ ಆಗಿ ಒಟ್ಟಿಗೆ ಇಡುವುದು ಮಾತ್ರ ಬೇಡ.

ಲಕ್ಷಣ: ನೀವು ಕಳಿಸದ ಸಂದೇಶ ಪರಿಚಿತರಿಗೆ ಹೋಗುತ್ತಿದೆ

ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿರುತ್ತದೆ, ಸ್ಕ್ಯಾನ್‌ನಲ್ಲಿ ಏನೂ ಸಿಗುವುದಿಲ್ಲ, ಆದರೆ ಖಾತೆ ಬೇರೆಯವರ ಕೈಯಲ್ಲಿದೆ. ಇತ್ತೀಚಿನ ಕಳ್ಳ ತಂತ್ರಾಂಶಗಳು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕಿಗಳನ್ನೂ (ನೀವು ಈಗಾಗಲೇ ಲಾಗಿನ್ ಆಗಿದ್ದೀರೆಂದು ತಾಣಕ್ಕೆ ಹೇಳುವ ಗುರುತು) ಕದ್ದು, ಕೆಲಸ ಮುಗಿಸಿ, ತಮ್ಮನ್ನೇ ಅಳಿಸಿಕೊಳ್ಳುವುದುಂಟು. ಕುಕಿ ಸಿಕ್ಕರೆ ಒಟಿಪಿಯೂ ಬೇಕಿಲ್ಲ.

ಅವು ಬರುವ ಹೊಸ ದಾರಿ: ‘ನೀವು ಮನುಷ್ಯರೆಂದು ತೋರಿಸಿ’ ಎಂಬ ಪುಟ, ವಿಂಡೋಸ್ ಕೀಲಿ ಜೊತೆ ಆರ್, ಆಮೇಲೆ ಕಂಟ್ರೋಲ್ ವಿ, ಎಂಟರ್ ಒತ್ತಿ ಎನ್ನುತ್ತದೆ. ಅದು ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸುವ ತಂತ್ರ. ಯಾವ ಅಸಲಿ ಪರೀಕ್ಷೆಯೂ ಬ್ರೌಸರಿನಿಂದ ಹೊರಗೆ ಹೋಗಿ ಏನನ್ನೂ ಒತ್ತಲು ಹೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಒತ್ತಿದ್ದಾರೆಯೇ ಎಂದು ಗದರದೆ ಕೇಳಿ. ಗದರಿದರೆ ಉತ್ತರ ಸಿಗುವುದಿಲ್ಲ.

ಶುದ್ಧ ಸಾಧನದಿಂದ ಮೊದಲು ಇಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಪ್ರತಿ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತಿ. ಕದ್ದ ಕುಕಿ ಸಾಯುವುದು ಆಗಲೇ. ಜಿಮೇಲಿನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟದಲ್ಲಿ ಅಪರಿಚಿತ ವಿಳಾಸವಿದೆಯೇ, ವಾಟ್ಸ್‌ಆ್ಯಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ ಕಂಪ್ಯೂಟರ್ ಇದೆಯೇ ನೋಡಿ. ಈ ಲಕ್ಷಣಕ್ಕೆ ವಿಂಡೋಸನ್ನು ಹೊಸದಾಗಿ ಹಾಕುವುದೇ ಲೇಸು, ಆದರೆ ಅದು ಪಾಸ್‌ವರ್ಡ್ ಬದಲಿಸಿದ ನಂತರದ ಕೆಲಸ.

ಲಕ್ಷಣ: ಕಡತಗಳ ಹೆಸರಿಗೆ ಬಾಲ ಬೆಳೆದಿದೆ, ತೆರೆಯುತ್ತಿಲ್ಲ, ಹಣ ಕೇಳುವ ಚೀಟಿ ಇದೆ

ಇದು ರ‍್ಯಾನ್ಸಮ್‌ವೇರ್: ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಕುತಂತ್ರಾಂಶ. ಲ್ಯಾನ್ ಕೇಬಲ್, ವೈಫೈ, ಹೊರಗಿನ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಲ್ಲ ಕೀಳಿ. ಕಣ್ಣೆದುರೇ ಇನ್ನೂ ಹೆಸರುಗಳು ಬದಲಾಗುತ್ತಿದ್ದರೆ ಪವರ್ ಗುಂಡಿ ಒತ್ತಿಹಿಡಿದು ಆರಿಸಿ, ಉಳಿದದ್ದಾದರೂ ಉಳಿಯಲಿ. ಎಲ್ಲ ಮುಗಿದುಹೋಗಿದ್ದರೆ ಏನನ್ನೂ ಅಳಿಸಬೇಡಿ. ಹಣ ಕೇಳುವ ಚೀಟಿಯ ಫೋಟೋ ತೆಗೆದಿಡಿ, ಬೀಗ ಬಿದ್ದ ಎರಡು ಮೂರು ಕಡತ ಮತ್ತು ಆ ಚೀಟಿಯನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಡಿ. ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ತೆರೆದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಅವನ್ನು ಕೊಟ್ಟರೆ ಯಾವ ಜಾತಿಯದೆಂದು ಗುರುತಿಸಿ, ಕೀಲಿ ಲಭ್ಯವಿದ್ದರೆ ಉಚಿತವಾಗಿ ಕೊಡುತ್ತದೆ. ಎಲ್ಲದಕ್ಕೂ ಕೀಲಿ ಇಲ್ಲ. ಮನೆ ಕಂಪ್ಯೂಟರುಗಳನ್ನು ಹೆಚ್ಚು ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ತಳಿ ಹರಡಿದ್ದೇ ಕ್ರ್ಯಾಕ್ ತಂತ್ರಾಂಶಗಳ ಮೂಲಕ. ಅದರಲ್ಲಿ ಕೆಲವು ಬಗೆಗೆ ಮಾತ್ರ ಬಿಡುಗಡೆ ಇದೆ. ಈಗ ಕೀಲಿ ಇಲ್ಲದಿದ್ದರೂ ಬೀಗ ಬಿದ್ದ ಕಡತಗಳನ್ನು ಎತ್ತಿಟ್ಟಿರಿ, ಮುಂದೆ ಸಿಕ್ಕೀತು. ಹಣ ಕಟ್ಟಿದರೆ ಕೀಲಿ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ. ಗೂಗಲ್ ಡ್ರೈವಿನಲ್ಲಿ ಪ್ರತಿ ಇದ್ದರೆ ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಅಷ್ಟರೊಳಗೆ ಮರಳಿ ಪಡೆಯಿರಿ.

ಇಲ್ಲಿಂದ ಮುಂದೆ ಒಬ್ಬರೇ ಹೆಣಗಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಬಹುದು. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇಂಥ ಪ್ರಕರಣಗಳಿಗೇ ಇದೆ. ಅಡಿಕೆ ಮಂಡಿಯ ಲೆಕ್ಕ, ಸಂಘದ ದಾಖಲೆ ಇದ್ದ ಕಂಪ್ಯೂಟರಾಗಿದ್ದರೆ ದೂರಿಗೆ ಮುನ್ನ ಡಿಸ್ಕ್ ಅಳಿಸಲು ಅಂಗಡಿಯವರಿಗೂ ಬಿಡಬೇಡಿ.

ಫಾರ್ಮ್ಯಾಟ್ ಮಾಡಲೇಬೇಕಾದಾಗ

ಆಫ್‌ಲೈನ್ ಸ್ಕ್ಯಾನ್ ನಂತರವೂ ಹುಳು ಮರಳಿದರೆ, ಡಿಫೆಂಡರ್ ಏಳದಿದ್ದರೆ, ಪಾಸ್‌ವರ್ಡ್ ಕಳ್ಳ ಬಂದಿದ್ದು ಖಾತ್ರಿಯಾದರೆ ಇನ್ನು ತಡ ಮಾಡಬೇಡಿ. ದಾಖಲೆ, ಫೋಟೋ, ಟ್ಯಾಲಿ ಡೇಟಾ ಮಾತ್ರ ಹೊರಗಿನ ಡಿಸ್ಕಿಗೆ. ಇಎಕ್ಸ್‌ಇ ಕಡತ ಒಂದೂ ಬೇಡ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಲಿ ಬರೆದುಕೊಳ್ಳಿ. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಬೇರೆ ಶುದ್ಧ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ, ಕನಿಷ್ಠ 8 ಜಿಬಿ ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲರ್ ತಯಾರಿಸಿ. ಕಂಪ್ಯೂಟರಿನೊಳಗಿನ ‘ರೀಸೆಟ್ ದಿಸ್ ಪಿಸಿ’ಯ ಕ್ಲೌಡ್ ಡೌನ್‌ಲೋಡ್ ಕೂಡ ಆದೀತು, 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು. ಎರಡರಲ್ಲೂ ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್ ಯುಪಿಎಸ್ ಮೇಲಿರಲಿ.

ಅಂಗಡಿಗೆ ಕೊಡುವುದಾದರೆ ಎರಡು ಮಾತು ಕರಾರಾಗಿ ಹೇಳಿ: ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಬಾರದು, ಆ್ಯಂಟಿವೈರಸ್ ಆಫ್ ಮಾಡಬಾರದು. ಲ್ಯಾಪ್‌ಟಾಪ್ ವಿಂಡೋಸ್ ಸಮೇತ ಕೊಂಡದ್ದಾದರೆ ಪರವಾನಗಿ ಸಾಮಾನ್ಯವಾಗಿ ಯಂತ್ರದಲ್ಲೇ ಇರುತ್ತದೆ, ಹೊಸದಾಗಿ ಹಾಕಿದಾಗ ತಾನೇ ಸಕ್ರಿಯವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದೆ 11ಕ್ಕೆ ಏರಲಾಗದ ಹಳೆಯ ಯಂತ್ರವನ್ನು ಬರೀ ಟೈಪಿಂಗ್, ಲೆಕ್ಕಕ್ಕೆ ಇಟ್ಟು, ಲ್ಯಾನ್ ಕೇಬಲ್ ಹಾಕದಿರುವುದೂ ಒಂದು ದಾರಿ. ಇಂಟರ್ನೆಟ್ ಬೇಕೆಂದರೆ ವಿಂಡೋಸ್ ಬದಲು ಉಚಿತ ಲಿನಕ್ಸ್ ವ್ಯವಸ್ಥೆಗಳಾದ ಉಬುಂಟು ಅಥವಾ ಮಿಂಟ್ ಹಾಕಿಸಿ.

ಹೊಸ ವಿಂಡೋಸ್ ಎದ್ದ ಮೇಲೆ ಕೆಲಸದ ಸರದಿ ಹೀಗಿರಲಿ: ಮೊದಲು ರೂಟರಿನ ಡಿಎನ್‌ಎಸ್ ಮತ್ತು ಅಡ್ಮಿನ್ ಪಾಸ್‌ವರ್ಡ್ ಇನ್ನೊಮ್ಮೆ ನೋಡಿ, ಆಮೇಲೆ ಲ್ಯಾನ್ ಕೇಬಲ್ ಚುಚ್ಚಿ, ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ, ಬ್ರೌಸರ್ ಹಾಕಿ, ಹೊರಗಿನ ಡಿಸ್ಕನ್ನು ಸ್ಕ್ಯಾನ್ ಮಾಡಿ, ಕೊನೆಗೆ ಕಡತಗಳನ್ನು ಮರಳಿ ತನ್ನಿ. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ‘ಸ್ಟ್ಯಾಂಡರ್ಡ್’ ಖಾತೆಯೊಂದನ್ನು ಮಾಡಿಕೊಟ್ಟು, ಅಡ್ಮಿನ್ ಪಾಸ್‌ವರ್ಡನ್ನು ಮನೆಯ ಒಬ್ಬರಷ್ಟೇ ಇಟ್ಟುಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದೊಡನೆ ಕಿತ್ತು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ, ಕಪಾಟಿನಲ್ಲಿ ಹಾಗೇ ಇಟ್ಟರೆ ಆಷಾಢದ ತೇವ ತಿನ್ನುತ್ತದೆ.